ಮುಳ್ಳು ಕಾಲು ಟ್ಯಾಂಕ್ ಅನ್ನುತ್ತದೆ, ಗಾಡಿ ನಿಂತೇಬಿಡುತ್ತದೆ: ಕಾರಿನ ಪೆಟ್ರೋಲ್ ಮೀಟರ್ ಸುಳ್ಳು ಹೇಳಿದಾಗ ಎಲ್ಲಿಂದ ಹುಡುಕಬೇಕು

ಹುಬ್ಬಳ್ಳಿಯಿಂದ ಗದಗಕ್ಕೆ 60 ಕಿಲೋಮೀಟರ್ ಕೂಡ ಇಲ್ಲ. ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತು. ಸಾಕಲ್ಲ, ಬರುವಾಗ ಹಾಕಿಸಿದರಾಯಿತು ಅಂದುಕೊಂಡು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮದುವೆಗೆ ಹೊರಟೆ. ಅಣ್ಣಿಗೇರಿ ಇನ್ನೂ ಮೂರ್ನಾಲ್ಕು ಕಿಲೋಮೀಟರ್ ಇದೆ ಅನ್ನುವಾಗ ಗಾಡಿ ಎರಡು ಸಲ ಜಗ್ಗಿ ನಿಂತುಬಿಟ್ಟಿತು. ಎರಡೂ ಕಡೆ ಎರೆಹೊಲ, ನೆರಳಿಗೆ ಒಂದು ಮರ ಇಲ್ಲ. ಬಾನೆಟ್ ಎತ್ತಿ ತಿಳಿದವರ ಹಾಗೆ ನೋಡುತ್ತಾ ನಿಂತೆ. ಬೈಕಿನಲ್ಲಿ ಬಂದ ಹುಡುಗನೊಬ್ಬ ಕೇಳಿದ: "ಕಾಕಾ, ಪೆಟ್ರೋಲ್ ಐತೇನ್ರಿ?" ಕಾಲು ಟ್ಯಾಂಕ್ ಐತಪ್ಪಾ ಅಂದೆ. ಅವನು ಹಿಂದೆ ಹೋಗಿ ಗಾಡಿಯನ್ನು ಎರಡು ಸಲ ಅಲುಗಾಡಿಸಿ ಕಿವಿಗೊಟ್ಟ. "ಏನೂ ಇಲ್ರಿ ಒಳಗ. ಖಾಲಿ ಡಬ್ಬಿ."

ಅವನ ಬೈಕಿನಲ್ಲೇ ಹೋಗಿ ಪೆಟ್ರೋಲ್ ತಂದೆ. ಬೇಜಾರಿನ ವಿಷಯ ಅದಲ್ಲ. ಆಮೇಲೆ ಒಂದು ಗ್ಯಾರೇಜಿನಲ್ಲಿ "ಮೀಟರ್ ಬೋರ್ಡ್ ಹೋಗೇತ್ರಿ" ಅಂದರು, ಅಂದರೆ ಸ್ಟೀರಿಂಗ್ ಮುಂದೆ ಮುಳ್ಳುಗಳೆಲ್ಲ ಕೂತಿರುವ ಫಲಕ. ಏಳು ಸಾವಿರ ಕೊಟ್ಟು ಬದಲಿಸಿದೆ. ಹೊಸ ಮುಳ್ಳೂ ಹಳೇ ಸುಳ್ಳನ್ನೇ ಹೇಳಿತು. ನಿಜವಾದ ತಪ್ಪು ಎಲ್ಲಿತ್ತು ಅಂತ ಮುಂದೆ ಬರುತ್ತದೆ. ಅದನ್ನು ಹುಡುಕಲು ಒಂದು ಟಾರ್ಚ್ ಸಾಕಿತ್ತು.

ಅದಕ್ಕೇ ಇಲ್ಲಿ ದುಡ್ಡಿಲ್ಲದ ಪರೀಕ್ಷೆಗಳನ್ನು ಮೊದಲು ಇಟ್ಟಿದ್ದೇನೆ. ಮೀಟರ್ ಬೋರ್ಡ್ ಕೊನೆಗೆ ಬರುತ್ತದೆ.

ಒಳಗೆ ಇರುವುದು ಇಷ್ಟೇ

ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದಕ್ಕೊಂದು ಕಡ್ಡಿ. ಪೆಟ್ರೋಲ್ ಇಳಿದಂತೆ ಕಡ್ಡಿಯೂ ಇಳಿಯುತ್ತದೆ. ಕಡ್ಡಿಯ ಇನ್ನೊಂದು ತುದಿ ಸಣ್ಣ ಪಟ್ಟಿಯೊಂದರ ಮೇಲೆ ಉಜ್ಜುತ್ತಾ ಜಾರುತ್ತದೆ. ಅದು ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಕರೆಂಟಿಗೆ ಆಗುವ ತಡೆ ಬದಲಾಗುತ್ತದೆ. ಆ ತಡೆಯನ್ನು ನೋಡಿ ಮೀಟರ್ ಬೋರ್ಡ್ ಮುಳ್ಳನ್ನು ತಿರುಗಿಸುತ್ತದೆ. ಫ್ಲೋಟ್, ಕಡ್ಡಿ, ಪಟ್ಟಿ ಮೂರೂ ಸೇರಿದ್ದನ್ನು ನಮ್ಮ ಮಿಸ್ತ್ರಿಗಳು ಟ್ಯಾಂಕ್ ಯೂನಿಟ್ ಅಥವಾ ಬರೀ ಫ್ಲೋಟ್ ಅನ್ನುತ್ತಾರೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಇದು ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಮೋಟರಿನ ಜೊತೆ ಒಂದೇ ಸೆಟ್ ಆಗಿರುತ್ತದೆ. ಎಷ್ಟೋ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಸಿಗುತ್ತದೆ.

ಅಂದರೆ ಈ ಮೀಟರ್ ಲೀಟರ್ ಎಣಿಸುವುದೇ ಇಲ್ಲ. ಪೆಟ್ರೋಲ್ ಎಷ್ಟು ಎತ್ತರಕ್ಕಿದೆ ಅನ್ನುವುದನ್ನಷ್ಟೇ ನೋಡುತ್ತದೆ. ಅರ್ಧ ಜಗಳ ಇಲ್ಲಿಯೇ ಮುಗಿಯಬೇಕು.

ಮೊದಲು ಪೆನ್ನು, ಪುಸ್ತಕ

ಮೀಟರ್ ಕೆಟ್ಟಿದೆ ಅನ್ನುವ ಮೊದಲು ಒಂದು ಲೆಕ್ಕ ಬೇಕು. ನಳಿಕೆ ಮೊದಲ ಸಲ ತಾನಾಗಿಯೇ ಟಕ್ ಅಂತ ನಿಲ್ಲುವ ತನಕ ಟ್ಯಾಂಕ್ ತುಂಬಿಸಿ. ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುಳ್ಳು ಮುಕ್ಕಾಲು, ಅರ್ಧ, ಕಾಲು ದಾಟಿದಾಗ, ರಿಸರ್ವ್ ದೀಪ ಹತ್ತಿದಾಗ ಎಷ್ಟು ಕಿಲೋಮೀಟರ್ ಆಗಿತ್ತು ಅಂತ ಬರೆದುಕೊಳ್ಳಿ. ಮತ್ತೆ ಅದೇ ಪಂಪಿನಲ್ಲಿ ಮೊದಲ ಟಕ್ ತನಕ ತುಂಬಿಸಿ ಬಿಲ್ಲಿನ ಲೀಟರ್ ನೋಡಿ.

37 ಲೀಟರ್ ಟ್ಯಾಂಕಿನ ನನ್ನ ಗಾಡಿಯ ಒಂದು ಸುತ್ತಿನ ಲೆಕ್ಕ ಹೀಗಿತ್ತು. ಫುಲ್‌ನಿಂದ ಮುಕ್ಕಾಲಿಗೆ 170 ಕಿ.ಮೀ., ಮುಕ್ಕಾಲಿನಿಂದ ಅರ್ಧಕ್ಕೆ 130, ಅರ್ಧದಿಂದ ಕಾಲಿಗೆ 105, ಕಾಲಿನಿಂದ ದೀಪ ಹತ್ತುವ ತನಕ 75. ಒಟ್ಟು 480. ತುಂಬಿದ್ದು 32 ಲೀಟರ್. ಲೀಟರಿಗೆ 15ರ ಎವರೇಜ್. ದೀಪ ಹತ್ತಿದಾಗ 5 ಲೀಟರ್ ಉಳಿದಿತ್ತು. ಇದು ಎಲ್ಲ ಸರಿಮಾಡಿಸಿದ ಮೇಲಿನ ಲೆಕ್ಕ ಅನ್ನುವುದನ್ನು ನೆನಪಿಡಿ. ಸರಿಯಾಗಿರುವ ಗಾಡಿಯಲ್ಲೂ ನಾಲ್ಕು ಭಾಗ ಒಂದೇ ಸಮ ಬರುವುದಿಲ್ಲ. ಆದರೆ ಹೀಗೆ ಮೂರು ಸುತ್ತು ಬರೆದಾಗಲೂ ಮುಳ್ಳು ಎಲ್ಲೂ ನಿಲ್ಲದೆ ದೀಪದ ತನಕ ಇಳಿದು, ಹೆಚ್ಚುಕಡಿಮೆ ಅದೇ ಅಂಕಿಗಳು ಬಂದರೆ ಮೀಟರ್ ಕೆಟ್ಟಿಲ್ಲ. ಸುತ್ತಿಗೊಂದು ಥರ ಬಂದರೆ, ಇಲ್ಲವೇ ಮುಳ್ಳು ನಡುವೆ ನಿಂತುಬಿಟ್ಟರೆ ಮುಂದೆ ಓದಿ.

"ಮೊದಲರ್ಧ ಇಳಿಯೋದೇ ಇಲ್ಲ, ಆಮೇಲೆ ದಡದಡ ಇಳೀತದ"

ಹೆಚ್ಚು ಜನ ಹೇಳುವ ದೂರು ಇದು. ಹೆಚ್ಚಿನ ಸಲ ಇದು ದೋಷವೇ ಅಲ್ಲ.

ಟ್ಯಾಂಕ್ ಚೌಕಾಕಾರದ ಡಬ್ಬಿಯಲ್ಲ. ಸೀಟು, ಸೈಲೆನ್ಸರ್ ಪೈಪು, ಹಿಂದಿನ ಅಚ್ಚು ಎಲ್ಲ ಬಿಟ್ಟು ಉಳಿದ ಜಾಗದಲ್ಲಿ ಅದನ್ನು ತೂರಿಸಿರುತ್ತಾರೆ. ಮೇಲೆ ಅಗಲ, ಕೆಳಗೆ ಇಕ್ಕಟ್ಟು ಇದ್ದರೆ ಮೇಲಿನ ಒಂದು ಇಂಚಿನಲ್ಲಿ ಜಾಸ್ತಿ ಲೀಟರ್, ಕೆಳಗಿನ ಒಂದು ಇಂಚಿನಲ್ಲಿ ಕಡಿಮೆ. ಜೊತೆಗೆ ಫುಲ್ ಟ್ಯಾಂಕಿನಲ್ಲಿ ಫ್ಲೋಟ್ ಛಾವಣಿಗೆ ತಾಗಿರುತ್ತದೆ. ಅದರ ಮೇಲಿನ, ಕುತ್ತಿಗೆಯವರೆಗಿನ ಪೆಟ್ರೋಲ್ ಅದರ ಲೆಕ್ಕಕ್ಕೆ ಸಿಗುವುದೇ ಇಲ್ಲ. ಅದು ಸುಟ್ಟು ಮುಗಿಯುವ ತನಕ ಮುಳ್ಳು ಫುಲ್ ಮೇಲೇ ಕೂತಿರುತ್ತದೆ.

ಮುಳ್ಳಿನ ಬದಲು ಗೆರೆಗಳಿರುವ ಡಿಜಿಟಲ್ ಮೀಟರಿನಲ್ಲಿ ಇದು ಇನ್ನೂ ಜೋರಾಗಿ ಕಾಣುತ್ತದೆ. ಎಂಟು ಗೆರೆ ಇದ್ದರೆ ಒಂದು ಗೆರೆ ಅಂದರೆ ನಾಲ್ಕೈದು ಲೀಟರ್. 200 ರೂಪಾಯಿ ಪೆಟ್ರೋಲ್ ಹಾಕಿಸಿ ಗೆರೆ ಏರಲಿಲ್ಲ ಅಂತ ಪಂಪಿನ ಹುಡುಗನ ಜೊತೆ ಜಗಳ ಆಡಬೇಡಿ. ಎಂಜಿನ್ ಬಂದ್ ಮಾಡದೆ ಹಾಕಿಸಿದ್ದರೂ ಮುಳ್ಳು ತಡವಾಗಿ ಏರುತ್ತದೆ, ಯಾಕೆಂದರೆ ಓಡುವಾಗ ಕುಲುಕಾಟಕ್ಕೆ ಮುಳ್ಳು ಕುಣಿಯಬಾರದು ಅಂತ ಅದನ್ನು ಬೇಕಂತಲೇ ನಿಧಾನ ಮಾಡಿರುತ್ತಾರೆ. ಹೇಗೂ ಪಂಪಿನಲ್ಲಿ ಎಂಜಿನ್ ಬಂದ್ ಮಾಡಲೇಬೇಕು, ಅಲ್ವಾ?

"ಮನೆ ಮುಂದೆ ಒಂದು ತೋರಿಸ್ತದ, ಆಫೀಸ್ ಮುಂದೆ ಇನ್ನೊಂದು"

ಗಾಡಿ ಎಲ್ಲಿ ನಿಂತಿದೆ ನೋಡಿ. ಇಳಿಜಾರಿನಲ್ಲಿ ಪೆಟ್ರೋಲ್ ಒಂದು ಕಡೆ ಸರಿದು ಫ್ಲೋಟ್ ಏರುತ್ತದೆ ಇಲ್ಲವೇ ಇಳಿಯುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದಾಗ ಇದು ಜಾಸ್ತಿ. ಧಾರವಾಡದವರಿಗೆ ಈ ತೊಂದರೆ ಹೆಚ್ಚು, ಅಲ್ಲಿ ಸಮತಟ್ಟಾದ ಓಣಿ ಹುಡುಕುವುದೇ ಒಂದು ಕೆಲಸ. ಮುಳ್ಳನ್ನು ಸಮನೆಲದಲ್ಲಿ, ಗಾಡಿಯ ಕೀ ತಿರುಗಿಸಿ ಎರಡು ನಿಮಿಷ ಬಿಟ್ಟು ನೋಡಿ. ಬೇಸಿಗೆಯ ಬಿಸಿಲಿಗೆ ಪೆಟ್ರೋಲ್ ಹಿಗ್ಗುವುದೂ ನಿಜ. 40 ಲೀಟರಿಗೆ 10 ಡಿಗ್ರಿ ಏರಿದರೆ ಸುಮಾರು 400 ಮಿಲಿಲೀಟರ್. ಮುಳ್ಳಿನಲ್ಲಿ ಅದು ಕಾಣುವಷ್ಟಲ್ಲ.

"ಟ್ಯಾಂಕ್ 37 ಲೀಟರ್, ಬಿಲ್ 40 ಲೀಟರ್!"

ಇಲ್ಲಿ ಕೈ ಮೀಟರ್ ಬಿಟ್ಟು ಪಂಪಿನವರ ಕೊರಳಪಟ್ಟಿಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಕಂಪನಿ ಪುಸ್ತಕದಲ್ಲಿ ಹೇಳುವ ಅಳತೆಯಲ್ಲಿ ಕುತ್ತಿಗೆಯ ಪೈಪು, ಆವಿಗೆ ಬಿಟ್ಟ ಜಾಗ ಸೇರಿರುವುದಿಲ್ಲ. ಗಂಟಲಮಟ ತುಂಬಿಸಿದರೆ ಅಳತೆಗಿಂತ ಹಲವು ಲೀಟರ್ ಹೆಚ್ಚು ಹಿಡಿಯುತ್ತದೆ.

ಹಾಗಂತ ಸಂಶಯವನ್ನು ನುಂಗಿಕೊಳ್ಳಬೇಕಿಲ್ಲ. ಪ್ರತಿ ಪಂಪಿನಲ್ಲೂ ಮುದ್ರೆ ಹಾಕಿದ 5 ಲೀಟರಿನ ಅಳತೆ ಡಬ್ಬಿ ಇರಬೇಕು. ಗಿರಾಕಿ ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರ್ ತನಕ ವ್ಯತ್ಯಾಸಕ್ಕೆ ಅವಕಾಶ ಇದೆ. ಅದಕ್ಕಿಂತ ಕಡಿಮೆ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಸಮಾಧಾನವಾಗಿ ಕೇಳಿ, ಅದು ನಿಮ್ಮ ಹಕ್ಕು.

ಮೊದಲ ಟಕ್ ಆದ ಮೇಲೆ "ಇನ್ನೊಂದಿಷ್ಟು ಹಾಕಪಾ, ರೌಂಡ್ ಫಿಗರ್ ಆಗಲಿ" ಅನ್ನುವ ಚಟ ಬಿಡಿ. ಆವಿ ಹೀರಲು ಇಟ್ಟಿರುವ ಇದ್ದಿಲ ಡಬ್ಬಿಗೆ ಪೆಟ್ರೋಲ್ ಹೊಕ್ಕರೆ ಅದು ಹಾಳಾಗುತ್ತದೆ.

"ಇನ್ನೂ 60 ಕಿಲೋಮೀಟರ್ ಹೋಗ್ತದ ಅಂತ ತೋರಿಸ್ತಿತ್ತು, 30ಕ್ಕೇ ಮುಗೀತು"

ಆ ಅಂಕಿ ಒಂದು ಊಹೆ. ಉಳಿದ ಪೆಟ್ರೋಲನ್ನು ಇತ್ತೀಚಿನ ಎವರೇಜಿನಿಂದ ಗುಣಿಸಿ ಗಾಡಿ ಅದನ್ನು ಹೇಳುತ್ತದೆ. ಹಾವೇರಿಯಿಂದ ಹುಬ್ಬಳ್ಳಿಗೆ ಹೆದ್ದಾರಿಯಲ್ಲಿ ಆರಾಮಾಗಿ ಬಂದಿದ್ದರೆ ಅದು ಅದೇ ಎವರೇಜ್ ನಂಬಿಕೊಂಡಿರುತ್ತದೆ. ನೀವು ಆಮೇಲೆ ಎಸಿ ಹಾಕಿಕೊಂಡು ಸಂಜೆ ಹೊತ್ತಿನಲ್ಲಿ ಚನ್ನಮ್ಮ ಸರ್ಕಲ್ ಸುತ್ತಿದರೆ ಅಂಕಿ ಕಣ್ಣೆದುರೇ ಕರಗುತ್ತದೆ. 50ಕ್ಕಿಂತ ಕೆಳಗಿನ ಅಂಕಿಯನ್ನು ನಾನು ಸೊನ್ನೆ ಅಂತಲೇ ಓದುತ್ತೇನೆ.

"ಮೊದಲಿನಂಗಿಲ್ಲ, ಬೇಗ ಇಳೀತದ"

ಇಲ್ಲಿ ಮುಳ್ಳು ನಿಜ ಹೇಳುತ್ತಿರಬಹುದು. ಮೊದಲು ಮೂಗು ಬಳಸಿ. ಬೆಳಿಗ್ಗೆ ಗಾಡಿಯ ಹತ್ತಿರ ಪೆಟ್ರೋಲ್ ವಾಸನೆ, ಕೆಳಗೆ ಒದ್ದೆ ಕಲೆ, ಇಲ್ಲವೇ ರಾತ್ರಿ ಇದ್ದದ್ದು ಬೆಳಿಗ್ಗೆ ಕಡಿಮೆ ಕಂಡರೆ ಪರೀಕ್ಷೆಗಳನ್ನೆಲ್ಲ ಅಲ್ಲಿಗೇ ನಿಲ್ಲಿಸಿ. ಗಾಡಿ ಚಾಲೂ ಮಾಡಬೇಡಿ. ಬಯಲಿಗೆ ತಳ್ಳಿ, ಮಿಸ್ತ್ರಿಯನ್ನೇ ಅಲ್ಲಿಗೆ ಕರೆಸಿ. ಇಲಿ ಪೆಟ್ರೋಲ್ ಪೈಪು ಕಡಿದಿರಬಹುದು, ತುಕ್ಕು ಹಿಡಿದಿರಬಹುದು. ಸೋರಿಕೆ ಇಲ್ಲದೆ ರಾತ್ರೋರಾತ್ರಿ ಇಳಿದಿದ್ದರೆ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಇದೆಯಾ ನೋಡಿ.

ವಾಸನೆ ಇಲ್ಲ, ಸೋರಿಕೆ ಇಲ್ಲ, ಟೈರಿನ ಗಾಳಿ ಸರಿ ಇದೆ, ಆದರೂ ಎವರೇಜ್ ಇಳಿದಿದೆಯಾ? ಪೆಟ್ರೋಲೇ ಬದಲಾಗಿದೆ. ಈಗ ಪಂಪುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಲೀಟರಿಗೆ ಎಥನಾಲ್‌ನ ಕಸುವು ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಬರೀ ಪೆಟ್ರೋಲಿಗೆ ಮಾಡಿ 10 ಶೇಕಡಾ ಎಥನಾಲಿಗೆ ಹೊಂದಿಸಿದ ಕಾರುಗಳಲ್ಲಿ ಎವರೇಜ್ 6ರಿಂದ 7 ಶೇಕಡಾ ಇಳಿಯುತ್ತದೆ ಅಂತ ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಲೀಟರಿಗೆ 15 ಕೊಡುತ್ತಿದ್ದ ಗಾಡಿ 14ಕ್ಕೆ ಬರುತ್ತದೆ. ಒಂದು ಟ್ಯಾಂಕಿಗೆ ಹೆಚ್ಚುಕಡಿಮೆ ಹುಬ್ಬಳ್ಳಿ-ಧಾರವಾಡ ಹೋಗಿ ಬರುವಷ್ಟು ದೂರ ಹೋಯಿತು. ಇದನ್ನು ಫ್ಲೋಟ್ ಬದಲಿಸಿ ಸರಿಮಾಡಲು ಆಗದು.

"ಮುಳ್ಳು ಕುಣೀತದ"

ತಿರುವಿನಲ್ಲಿ ಒಂದಿಷ್ಟು ಆಡಿದರೆ ಪರವಾಗಿಲ್ಲ. ನೆಟ್ಟಗಿನ ರಸ್ತೆಯಲ್ಲಿ ಅರ್ಧದಿಂದ ಸೊನ್ನೆಗೆ ಬಿದ್ದು ಮತ್ತೆ ಎದ್ದರೆ ಅದು ನಿಜವಾದ ದೋಷ. ಯಾವಾಗ ಕುಣಿಯುತ್ತದೆ ಅನ್ನುವುದನ್ನು ಗಮನಿಸಿ, ಉತ್ತರ ಅಲ್ಲಿಯೇ ಇರುತ್ತದೆ.

ಹಂಪ್ ದಾಟಿದಾಗ, ತಗ್ಗಿನಲ್ಲಿ ಬಿದ್ದಾಗ ಮಾತ್ರ ಕುಣಿದರೆ ಫ್ಲೋಟಿಗೆ ವೈರು ಜೋಡಿಸುವ ಕಪ್ಲರ್ ಸಡಿಲ ಅಥವಾ ಅರ್ಥ್ ವೈರ್ ಕಿಲುಬು ಹಿಡಿದಿದೆ. ಮಳೆಗಾಲ ಕಳೆದ ಮೇಲೆ ನಮ್ಮ ಕಡೆ ಇದು ಮಾಮೂಲು. ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣು ಗಾಡಿಯ ಅಡಿಗೆ ಮೆತ್ತಿಕೊಂಡರೆ ಒಣಗುವ ತನಕ ಹಸಿ ಹಿಡಿದುಕೊಂಡೇ ಇರುತ್ತದೆ. ಕಪ್ಲರ್ ಬಿಚ್ಚಿ ನೋಡಿದರೆ ಪಿನ್ನುಗಳ ಮೇಲೆ ಹಸಿರು ಪುಡಿ ಕಾಣುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಗಟ್ಟಿಯಾಗಿ ಒತ್ತಿ. ಖರ್ಚು ಒಂದು ಡಬ್ಬಿಯದು. ಅದಕ್ಕೂ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿರಬೇಕು.

ಯಾವಾಗಲೂ ಒಂದೇ ಮಟ್ಟದಲ್ಲಿ, ಉದಾಹರಣೆಗೆ ಕಾಲು ಮತ್ತು ಅರ್ಧದ ನಡುವೆ ಮಾತ್ರ ಕುಣಿದರೆ, ಫ್ಲೋಟಿನ ಪಟ್ಟಿ ಅಲ್ಲಿ ಸವೆದಿದೆ. ಯಾವಾಗಲೂ 500 ರೂಪಾಯಿಯದೇ ಹಾಕಿಸುವವರ ಗಾಡಿಯಲ್ಲಿ ಕಡ್ಡಿ ವರ್ಷಗಟ್ಟಲೆ ಅದೇ ಜಾಗದಲ್ಲಿ ಉಜ್ಜಿರುತ್ತದೆ, ಪಾಪ. ಇದಕ್ಕೆ ಕ್ಲೀನರ್ ಸಾಲದು, ಫ್ಲೋಟ್ ಬದಲಿಸಬೇಕು.

"ಅಲ್ಲೇ ನಿಂತದ, ಅಲುಗಾಡವಲ್ದು"

ನನ್ನ ಗಾಡಿಯ ಕಥೆ ಇಲ್ಲಿಗೆ ಸೇರಿದ್ದು.

ಮುಳ್ಳು ಪೂರ್ತಿ ಖಾಲಿ ಅಥವಾ ಪೂರ್ತಿ ಫುಲ್ ಮೇಲೆ ಸತ್ತಂತೆ ಬಿದ್ದಿದ್ದರೆ ವೈರ್ ಕಡಿದಿದೆ ಅಥವಾ ಎಲ್ಲೋ ಗಾಡಿಯ ತಗಡಿಗೆ ತಾಗಿದೆ. ವೈರ್ ಕಡಿದರೆ ಕೆಲವು ಗಾಡಿ ಖಾಲಿ ತೋರಿಸುತ್ತವೆ, ಕೆಲವು ಫುಲ್ ತೋರಿಸುತ್ತವೆ, ಕಂಪನಿಯ ಲೆಕ್ಕದ ಮೇಲೆ. ಹಳೇ ಮುಳ್ಳಿನ ಮೀಟರ್ ಇರುವ ಗಾಡಿಯಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಫ್ಲೋಟಿನ ಕಪ್ಲರ್ ಬಿಚ್ಚಿ, ಗಾಡಿಯ ಕೀ ತಿರುಗಿಸಿ, ಎರಡು ನಿಮಿಷ ಕಾಯಿರಿ. ಮುಳ್ಳು ಯಾವುದಾದರೂ ಒಂದು ತುದಿಗೆ ಸರಿದರೆ ವೈರೂ ಮೀಟರೂ ಚೆನ್ನಾಗಿವೆ, ತಪ್ಪು ಟ್ಯಾಂಕಿನಲ್ಲಿದೆ. ಮುಳ್ಳು ಮೊದಲಿಂದಲೂ ಅದೇ ತುದಿಯಲ್ಲಿದ್ದರೆ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಕೆಲವರು ವೈರಿನ ತುದಿಯನ್ನು ಗಾಡಿಯ ತಗಡಿಗೆ ಮುಟ್ಟಿಸಿಯೂ ನೋಡುತ್ತಾರೆ. ಕಂಪ್ಯೂಟರ್ ಇರುವ ಈಗಿನ ಗಾಡಿಗಳಲ್ಲಿ ಅದನ್ನು ಮಾಡಲೇಬೇಡಿ. ಅವಕ್ಕೆ ಗ್ಯಾರೇಜಿನಲ್ಲಿ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರೆ ಫ್ಲೋಟಿನ ಅಂಕಿ ಪರದೆಯ ಮೇಲೇ ಕಾಣುತ್ತದೆ.

ಮಲ್ಟಿಮೀಟರ್ ಇದ್ದರೆ ಬಿಚ್ಚಿದ ಕಪ್ಲರಿನಲ್ಲಿ ಫ್ಲೋಟ್ ಕಡೆಯ ಎರಡು ಸಣ್ಣ ವೈರುಗಳ ನಡುವೆ ಓಮ್ ಅಳೆಯಿರಿ. ದಪ್ಪ ವೈರುಗಳು ಮೋಟರಿನವು, ಅವನ್ನು ಮುಟ್ಟಬೇಡಿ. ಯಾರಾದರೂ ಗಾಡಿಯನ್ನು ಮೆಲ್ಲಗೆ ಅಲುಗಾಡಿಸಿದಾಗ ಅಂಕಿ ಮೆಲ್ಲಗೆ ಏರಿಳಿಯಬೇಕು. ಅಂಕಿಯೇ ಬರದಿದ್ದರೆ ಪಟ್ಟಿ ಕಡಿದಿದೆ. ಬಂದರೂ ಜಗ್ಗದಿದ್ದರೆ ಕಡ್ಡಿ ಸಿಕ್ಕಿಕೊಂಡಿದೆ.

ಇನ್ನು ಮುಳ್ಳು ಮೇಲೆಲ್ಲ ಸರಿಯಾಗಿ ಇಳಿದು, ನಡುವೆ ಒಂದು ಮಟ್ಟಕ್ಕೆ ಬಂದು ನಿಂತರೆ? ನನ್ನದು ಹಾಗೇ ಇತ್ತು. ಫುಲ್‌ನಿಂದ ಕಾಲಿನ ತನಕ ಚೆಂದ, ಅಲ್ಲಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಹೊಸ ಮೀಟರ್ ಬೋರ್ಡ್ ಹಾಕಿಸಿಯೂ ಹಾಗೇ ಆದಾಗ ಗೋಕುಲ ರಸ್ತೆ ಕಡೆಯ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಮೀಟರ್ ಕಡೆ ತಿರುಗಿಯೂ ನೋಡಲಿಲ್ಲ. ಟಾರ್ಚ್ ಹಿಡಿದು ಗಾಡಿಯ ಅಡಿಗೆ ಹೊಕ್ಕರು. "ಸಾಹೇಬ್ರ, ಮೀಟರ್ ಏನೂ ಕೆಟ್ಟಿಲ್ರಿ. ಟ್ಯಾಂಕ್ ಒಳಗ ಹೊಕ್ಕೇತಿ ನೋಡ್ರಿ." ಯಾವುದೋ ಹಂಪ್ ಅಥವಾ ಕಲ್ಲಿಗೆ ಬಡಿದು ತಗಡಿನ ಟ್ಯಾಂಕಿನ ತಳ ಮೇಲಕ್ಕೆ ಉಬ್ಬಿತ್ತು. ಫ್ಲೋಟ್ ಆ ಉಬ್ಬಿನ ಮೇಲೆ ಬಂದು ಕೂರುತ್ತಿತ್ತು. ಸುತ್ತಲಿನ ಪೆಟ್ರೋಲ್ ಖಾಲಿಯಾದರೂ ಅದು ಅಲ್ಲೇ ಕೂತು ಕಾಲು ಟ್ಯಾಂಕ್ ಇದೆ ಅನ್ನುತ್ತಿತ್ತು. ರಿಸರ್ವ್ ದೀಪವೂ ನನ್ನ ಗಾಡಿಯಲ್ಲಿ ಅದೇ ಫ್ಲೋಟಿನಿಂದ ಹತ್ತುವುದು, ಹಾಗಾಗಿ ಅದೂ ಹತ್ತಲಿಲ್ಲ. ಎಷ್ಟೋ ಗಾಡಿಗಳಲ್ಲಿ ಹೀಗೇ. ಮುಳ್ಳು ಸುಳ್ಳಾದರೆ ದೀಪವನ್ನೂ ನಂಬಬೇಡಿ.

ತಳ ಒಳಗೆ ಹೋಗಲು ಇನ್ನೊಂದು ಕಾರಣವೂ ಇದೆ. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದರೆ ಮೋಟರ್ ಎಳೆದಂತೆಲ್ಲ ಟ್ಯಾಂಕ್ ಒಳಕ್ಕೆ ಹೀರಿಕೊಳ್ಳುತ್ತದೆ. ಮುಚ್ಚಳ ತೆಗೆದಾಗ ಗಾಳಿ ಜೋರಾಗಿ ಒಳಕ್ಕೆ ನುಗ್ಗಿದ ಸದ್ದು ಬಂದರೆ ಅದನ್ನು ತೋರಿಸಿ.

ಎಲ್ಲ ಮುಳ್ಳುಗಳೂ ಒಟ್ಟಿಗೇ ಹುಚ್ಚಾಟ ಆಡಿದರೆ

ಈಗ ಮೀಟರ್ ಬೋರ್ಡಿನ ಮಾತು ಬಂತು. ಪೆಟ್ರೋಲ್ ಜೊತೆ ಟೆಂಪರೇಚರ್ ಮುಳ್ಳು, ದೀಪಗಳು ಕೂಡ ಅಡ್ಡಾದಿಡ್ಡಿ ಆದರೆ ಟ್ಯಾಂಕ್ ಮುಟ್ಟಬೇಡಿ. ಬ್ಯಾಟರಿ ಟರ್ಮಿನಲ್, ಮೀಟರಿನ ಫ್ಯೂಸ್, ಅರ್ಥ್ ಈ ಕ್ರಮದಲ್ಲಿ ನೋಡಿ. ತುಂಬಾ ಹಳೇ ಗಾಡಿಗಳಲ್ಲಿ ಮೀಟರ್ ಹಿಂದೆ ಒಂದು ಪುಟ್ಟ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಅದು ಕೆಟ್ಟರೆ ಎರಡೂ ಮುಳ್ಳು ಸೇರಿ ಏರುತ್ತವೆ ಅಥವಾ ಇಳಿಯುತ್ತವೆ. ಇವೆಲ್ಲ ಸರಿ ಇದ್ದರಷ್ಟೇ ಬೋರ್ಡ್ ಬಿಚ್ಚಿಸಿ. ಪೆಟ್ರೋಲ್ ಮುಳ್ಳೊಂದೇ ತಪ್ಪಿದ್ದರೆ ಬೋರ್ಡ್ ಬದಲಿಸುವ ಮಾತಿಗೆ ಸುಲಭವಾಗಿ ತಲೆ ಆಡಿಸಬೇಡಿ.

ಸಿಎನ್‌ಜಿ ಗಾಡಿ ಇದ್ದವರಿಗೆ

ಸ್ವಿಚ್ಚಿನ ಮೇಲಿನ ನಾಲ್ಕು ದೀಪ ನೋಡುವುದು ಸಿಲಿಂಡರಿನ ಒತ್ತಡವನ್ನು. ತುಂಬುವಾಗ ಗ್ಯಾಸ್ ಬಿಸಿಯಾಗುತ್ತದೆ. ತಣ್ಣಗಾದಾಗ ಒತ್ತಡ ಇಳಿದು, ಓಡಿಸದೆಯೇ ಒಂದು ದೀಪ ಆರಬಹುದು. ಅಲ್ಲಿಯೂ ಬಿಲ್ಲಿನ ಕೆಜಿ ಮತ್ತು ಕಿಲೋಮೀಟರ್ ಲೆಕ್ಕವೇ ನಿಜ. ತಿಂಗಳುಗಟ್ಟಲೆ ಪೆಟ್ರೋಲ್ ಮುಟ್ಟದಿದ್ದರೆ ಅದು ಹಳತಾಗಿ ಫ್ಲೋಟಿನ ಪಟ್ಟಿಗೆ ಅಂಟು ಹಿಡಿಯುತ್ತದೆ. ವಾರಕ್ಕೊಮ್ಮೆ ಒಂದಷ್ಟು ದೂರ ಪೆಟ್ರೋಲಿನಲ್ಲೂ ಓಡಿಸಿ. ಗ್ಯಾಸ್ ಪೈಪು, ವಾಲ್ವುಗಳಿಗೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ.

ಇಲ್ಲಿಂದ ಮುಂದೆ ನೀವೇ ಮಾಡಬೇಡಿ

ಸೀಟು ಎತ್ತಿ ಕಪ್ಲರ್ ನೋಡುವ ತನಕ ನಿಮ್ಮ ಕೆಲಸ. ಟ್ಯಾಂಕಿನ ಮೇಲಿನ ದುಂಡನೆಯ ಮುಚ್ಚಳ ತೆಗೆದು ಫ್ಲೋಟ್ ಹೊರಗೆ ಎಳೆಯುವುದು ಮಿಸ್ತ್ರಿಯ ಕೆಲಸ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಹಾರಿ ಹೋಗದೆ ಗಾಡಿಯೊಳಗೆ, ನೆಲದ ಮೇಲೆ ಹರಡಿ ಕೂರುತ್ತದೆ. ಒಂದು ಸ್ವಿಚ್ಚಿನ ಕಿಡಿ ಸಾಕು. ಮಿಸ್ತ್ರಿ ಮಾಡುವಾಗಲೂ ಬಯಲಿನಲ್ಲಿ, ಬಾಗಿಲೆಲ್ಲ ತೆರೆದು, ಎಂಜಿನ್ ತಣ್ಣಗಾದ ಮೇಲೆ, ಬ್ಯಾಟರಿ ಬಿಚ್ಚಿ, ಟ್ಯಾಂಕ್ ಕಾಲಿಗಿಂತ ಕಡಿಮೆ ಇದ್ದಾಗ ಮಾಡಿಸಿ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಬೀಡಿ, ಸಿಗರೇಟು, ಬಲ್ಬಿನ ಟೆಸ್ಟ್ ಲ್ಯಾಂಪು ಹತ್ತಿರ ಬರಬಾರದು. ಪೈಪು ಹಾಕಿ ಬಾಯಿಂದ ಪೆಟ್ರೋಲ್ ಎಳೆಯುವವರನ್ನು ತಡೆಯಿರಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಜೀವಕ್ಕೆ ಅಪಾಯ. ನುಂಗಿದವರಿಗೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಬ್ಬಿದ ತಗಡಿನ ಟ್ಯಾಂಕನ್ನು ಗ್ಯಾಸ್ ಹಚ್ಚಿ ನೆಟ್ಟಗೆ ಮಾಡುತ್ತೇನೆ ಅಂದರೆ ಗಾಡಿ ಅಲ್ಲಿಂದ ತೆಗೆಯಿರಿ. ಖಾಲಿ ಟ್ಯಾಂಕಿನಲ್ಲೂ ಆವಿ ಇರುತ್ತದೆ, ಅದು ಸಿಡಿಯುತ್ತದೆ.

ಸರಿಯಾಗುವ ತನಕ

ಟ್ರಿಪ್ ಮೀಟರನ್ನೇ ಮುಳ್ಳು ಅಂದುಕೊಳ್ಳಿ. ನನ್ನದು 480ಕ್ಕೆ ದೀಪ ಹತ್ತುವ ಗಾಡಿ, 350 ಆದ ಕೂಡಲೇ ಪಂಪಿಗೆ ತಿರುಗಿಸುತ್ತಿದ್ದೆ. ಟ್ಯಾಂಕ್ ಒಣಗಲು ಬಿಡಬೇಡಿ. ಒಳಗಿನ ಮೋಟರಿಗೆ ತಂಪು ಕೊಡುವುದು ಪೆಟ್ರೋಲೇ. ಡೀಸೆಲ್ ಗಾಡಿ ಖಾಲಿಯಾದರೆ ಪೈಪಿನಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಡೀಸೆಲ್ ತಂದು ಸುರಿದರೂ ಗಾಳಿ ತೆಗೆಯದೆ ಎಷ್ಟೋ ಗಾಡಿ ಚಾಲೂ ಆಗುವುದಿಲ್ಲ.

ಫ್ಲೋಟ್ ಬದಲಿಸುವ ದಿನ ಪಕ್ಕದಲ್ಲೇ ನಿಲ್ಲಿ. ಹಳೇ ಫ್ಲೋಟ್ ತೆಗೆಯುವ ಮೊದಲೇ, ಟ್ಯಾಂಕ್ ಮುಚ್ಚಿರುವಾಗಲೇ, ಹೊಸದನ್ನು ಕಪ್ಲರಿಗೆ ಸೇರಿಸಿ ಕಡ್ಡಿಯನ್ನು ಕೈಯಿಂದ ಮೇಲಿಂದ ಕೆಳಗೆ ಆಡಿಸಲು ಹೇಳಿ. ಮುಳ್ಳು ಫುಲ್‌ನಿಂದ ಖಾಲಿಯ ತನಕ ಎಲ್ಲೂ ತಡವರಿಸದೆ ಬರಬೇಕು. ಮೋಟರ್ ಜೊತೆ ಸೆಟ್ ಆಗಿದ್ದರೆ ಮೋಟರಿನ ಫ್ಯೂಸ್ ತೆಗೆದಿಟ್ಟು ಮಾಡಲಿ. ಮುಚ್ಚಳದ ರಬ್ಬರ್ ರಿಂಗ್ ಹೊಸದೇ ಹಾಕಿಸಿ, ಹಳೇ ರಿಂಗ್ ಮತ್ತೆ ಕೂರಿಸಿದರೆ ಸರಿಯಾಗಿ ಬಿಗಿಯದು. ಮೊದಲ ಸಲ ಫುಲ್ ಮಾಡಿಸಿದ ದಿನ ಹಿಂದಿನ ಸೀಟಿನಲ್ಲಿ ಕೂತು ನೋಡಿ. ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಆ ಹೊಸ ರಿಂಗ್ ಸರಿಯಾಗಿ ಕೂರಿಸಲು ಮಿಸ್ತ್ರಿಗೆ ಫೋನ್ ಮಾಡಿ.